ಎಲ್ಲರ ಶಾಲೆಗೆ ಎಂಥ ಶಿಕ್ಷಕರು ಬೇಕು?



ಶಿಕ್ಷಣಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನಿಮ್ಮಲ್ಲಿ ಪ್ರತಿ ವರ್ಷವೂ ನಾಲ್ಕಾರು ಮಂದಿ ಶಿಕ್ಷಕರಾಗುವ ಆಸೆ ಹೇಳಿಕೊಳ್ಳುತ್ತೀರಿ. ಕೆಲವರಿಗೆ ಪಿಯುಸಿ ಮುಗಿದ ಕೂಡಲೇ ಡಿ.ಇಎಲ್.ಇಡಿ. ಸೇರಬೇಕು, ಇನ್ನು ಕೆಲವರಿಗೆ ಪದವಿ ಮುಗಿಸಿ ಬಿ.ಇಡಿ. ಮಾಡಬೇಕು. ಈ ಲೇಖನ ಮೊದಲಿಗೆ ಅವರಿಗಾಗಿ. ಉಳಿದವರೂ ಓದಬಹುದು. ನಾಳೆ ನಿಮ್ಮ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಆ ಶಾಲೆಯ ಎಸ್‌ಡಿಎಂಸಿ ಸಭೆಯಲ್ಲಿ ನೀವೂ ಕೂರುತ್ತೀರಿ.

ಈ ಪಾಠದ ಪ್ರಶ್ನೆ ಒಂದೇ. ಯಾವ ಮಗುವನ್ನೂ ಹೊರಗಿಡದ, ಮಕ್ಕಳ ಮಾತಿಗೂ ಬೆಲೆ ಕೊಡುವ ಶಾಲೆಯನ್ನು ಕಟ್ಟುವ ಶಿಕ್ಷಕರನ್ನು ತಯಾರು ಮಾಡುವುದು ಹೇಗೆ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ತಾನು ಕಲಿತ ಬಗೆಯನ್ನೇ ಶಿಕ್ಷಕ ಮಕ್ಕಳಿಗೆ ದಾಟಿಸುತ್ತಾನೆ. ಆದ್ದರಿಂದ ಪ್ರಜಾಪ್ರಭುತ್ವದ ಬಗ್ಗೆ ಭಾಷಣ ಕೇಳಿಸುವ ತರಬೇತಿಯಿಂದ ಪ್ರಜಾಪ್ರಭುತ್ವದ ಶಾಲೆ ಹುಟ್ಟುವುದಿಲ್ಲ. ತರಬೇತಿಯೇ ಅಂಥ ಶಾಲೆಯಾಗಿರಬೇಕು.

ಎರಡು ಪದಗಳ ಅರ್ಥ

ಮೊದಲನೆಯದು ಸಮನ್ವಯ ಶಿಕ್ಷಣ. ಇದನ್ನು ‘ಒಳಗೊಳ್ಳುವ ಶಿಕ್ಷಣ’ ಎಂದೂ ಕರೆಯುತ್ತಾರೆ. ಈ ಪದ ಕೇಳಿದೊಡನೆ ಹೆಚ್ಚಿನವರಿಗೆ ಅಂಗವಿಕಲ ಮಕ್ಕಳ ನೆನಪು ಬರುತ್ತದೆ. ಅದು ಸರಿಯೇ, ಆದರೆ ಅಷ್ಟೇ ಅಲ್ಲ. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ ಯುನೆಸ್ಕೊ ಆಶ್ರಯದಲ್ಲಿ ನಡೆದ ಸಮ್ಮೇಳನದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿದ್ದರು. ಸಾಮಾನ್ಯ ಶಾಲೆಯೇ ಎಲ್ಲ ಮಕ್ಕಳಿಗೂ ಹೊಂದಿಕೊಳ್ಳಬೇಕು ಎಂಬುದು ಅಲ್ಲಿ ಒಪ್ಪಿದ ಮಾತು. ದುಡಿಯುವ ಮಕ್ಕಳು, ಅಲೆಮಾರಿಗಳ ಮಕ್ಕಳು, ಭಾಷೆ ಅಥವಾ ಸಂಸ್ಕೃತಿಯಲ್ಲಿ ಅಲ್ಪಸಂಖ್ಯಾತರಾದ ಮಕ್ಕಳು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಅಂದರೆ ಮಗು ಶಾಲೆಗೆ ಹೊಂದಿಕೊಳ್ಳಲಿ ಎಂದು ಕಾಯುವುದಲ್ಲ, ಮಗುವಿಗಾಗಿ ಶಾಲೆ ಬದಲಾಗುವುದು.

ಎರಡನೆಯದು ಪ್ರಜಾಪ್ರಭುತ್ವ. ಪೌರನೀತಿಯ ಪಾಠದಲ್ಲಿ ನಾವು ಇದನ್ನು ಚುನಾವಣೆ, ಶಾಸಕಾಂಗ, ಕಾರ್ಯಾಂಗ ಎಂದು ಓದುತ್ತೇವೆ. ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1916ರಲ್ಲಿ ಪ್ರಕಟವಾದ ‘ಡೆಮಾಕ್ರಸಿ ಅಂಡ್ ಎಜುಕೇಶನ್’ ಗ್ರಂಥದಲ್ಲಿ ಇದಕ್ಕೆ ಇನ್ನೂ ಅಗಲವಾದ ಅರ್ಥ ಕೊಟ್ಟರು. ಅವರ ಪ್ರಕಾರ ಪ್ರಜಾಪ್ರಭುತ್ವ ಒಂದು ಸರ್ಕಾರದ ಮಾದರಿ ಮಾತ್ರವಲ್ಲ, ಕೂಡಿ ಬಾಳುವ ರೀತಿ. ಡ್ಯೂಯಿ ಅವರ ಶಿಷ್ಯರಾಗಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಕೂಡ ಒಬ್ಬರು. ಬಾಲ್ಯದಲ್ಲಿ ತರಗತಿಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಕುಳಿತು ಓದಿದ, ಜವಾನ ಬಂದು ನೀರು ಹಾಕುವವರೆಗೆ ಬಾಯಾರಿ ಕಾಯಬೇಕಾಗಿದ್ದ ಆ ವಿದ್ಯಾರ್ಥಿಗೆ ಡ್ಯೂಯಿ ಅವರ ಮಾತು ಎಷ್ಟು ಹತ್ತಿರವಾಗಿರಬೇಕು, ಊಹಿಸಿ. ಆ ಶಾಲೆಯಲ್ಲಿ ಪಾಠ ನಡೆಯುತ್ತಿತ್ತು, ಪರೀಕ್ಷೆಯೂ ನಡೆಯುತ್ತಿತ್ತು. ಕೂಡಿ ಬಾಳುವುದು ಮಾತ್ರ ನಡೆಯುತ್ತಿರಲಿಲ್ಲ.

ನಮ್ಮ ಮೂರು ತಾಲ್ಲೂಕುಗಳ ತರಗತಿ

ಈಗ ನಮ್ಮ ಊರಿಗೆ ಬರೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಒಂದು ಸಾಮಾನ್ಯ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಕ್ಕಳ ಸಂಖ್ಯೆ ಕಡಿಮೆ. ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿಗಳು. ಮನೆಯಲ್ಲಿ ಒಬ್ಬಳು ಮಲೆನಾಡಿನ ಕನ್ನಡ ಮಾತಾಡುತ್ತಾಳೆ, ಇನ್ನೊಬ್ಬ ತುಳು, ಮತ್ತೊಬ್ಬ ಕೊಂಕಣಿ. ಬ್ಯಾರಿ ಮಾತಾಡುವವರಿದ್ದಾರೆ, ಉರ್ದು ಮಾತಾಡುವವರಿದ್ದಾರೆ. ನರಸಿಂಹರಾಜಪುರದ ಕಡೆ ಹೋದರೆ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರ ಮಲಯಾಳಂ ಕೇಳಿಸುತ್ತದೆ. ಹಸಲರು, ಮಲೆಕುಡಿಯರಂಥ ಬುಡಕಟ್ಟು ಕುಟುಂಬಗಳ ಮಕ್ಕಳಿದ್ದಾರೆ. ಕಾಫಿ ಎಸ್ಟೇಟಿನ ಲೈನ್ ಮನೆಗಳಿಗೆ ಅಸ್ಸಾಂನಿಂದ ಕೆಲಸಕ್ಕೆ ಬಂದವರ ಮಕ್ಕಳು ಕೊಯ್ಲಿನ ಕಾಲಕ್ಕೆ ಸೇರಿ, ಕೊಯ್ಲು ಮುಗಿದಾಗ ಹೊರಟುಹೋಗುತ್ತಾರೆ.

ಇದೆಲ್ಲವೂ ಒಂದೇ ಕರಿಹಲಗೆಯ ಮುಂದೆ. ಶೃಂಗೇರಿಯಲ್ಲಿ ಶಾರದಾ ಪೀಠ, ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ, ಪೇಟೆಗಳಲ್ಲಿ ಮಸೀದಿ, ಚರ್ಚುಗಳು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಹುಟ್ಟಿದ ಕುವೆಂಪು ಮುಂದೆ ವಿಶ್ವಮಾನವ ಸಂದೇಶ ಕೊಟ್ಟರು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ಸಂದೇಶ ತರಗತಿಯಲ್ಲಿ ತಾನಾಗಿ ಬೆಳೆಯುವುದಿಲ್ಲ. ಬೆಳೆಸಬೇಕಾದವರು ಶಿಕ್ಷಕರು.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಜುಲೈ ತಿಂಗಳ ಮಳೆಯಲ್ಲಿ ಒಬ್ಬ ಹುಡುಗಿ ವಾರದಲ್ಲಿ ಮೂರು ದಿನ ಗೈರು. ಹಾಜರಿ ಪುಸ್ತಕ ನೋಡಿದ ಶಿಕ್ಷಕ ಅವಳನ್ನು ‘ಸರಿಯಾಗಿ ಬಾರದವಳು’ ಎಂದು ಗುರುತು ಮಾಡಬಹುದು. ಇನ್ನೊಬ್ಬ ಶಿಕ್ಷಕ ಅವಳ ಮನೆ ದಾರಿಯಲ್ಲಿ ನಡೆದು ನೋಡಿದರೆ ಹಳ್ಳ ಕಾಣುತ್ತದೆ, ಹಳ್ಳದ ಮೇಲೆ ಅಡಿಕೆ ಮರದ ಕಾಲುಸಂಕ ಕಾಣುತ್ತದೆ, ಅದರ ಮೇಲೆ ನೀರು ಹರಿಯುವುದೂ ಕಾಣುತ್ತದೆ. ಮೊದಲನೆಯವರು ಮಗುವಿನಲ್ಲಿ ಕೊರತೆ ಕಂಡರು, ಎರಡನೆಯವರು ದಾರಿಯಲ್ಲಿ ಅಡ್ಡಿ ಕಂಡರು. ಸಮನ್ವಯ ಶಿಕ್ಷಣದ ತರಬೇತಿ ಎಂದರೆ ಮೊದಲನೆಯ ನೋಟದಿಂದ ಎರಡನೆಯ ನೋಟಕ್ಕೆ ಶಿಕ್ಷಕರನ್ನು ಕರೆತರುವುದು. ಅಡ್ಡಿ ಹಳ್ಳವಾಗಿರಬಹುದು, ಭಾಷೆಯಾಗಿರಬಹುದು, ಹಿಂದಿನ ಬೆಂಚಿನಿಂದ ಕಾಣದ ಕರಿಹಲಗೆಯಾಗಿರಬಹುದು.

ಕಾನೂನು ಎಲ್ಲಿಯವರೆಗೆ ಬಂದಿದೆ

ಪರೀಕ್ಷೆಗೂ ಉಪಯೋಗವಾಗುವ ಕೆಲವು ಅಂಶಗಳನ್ನು ಇಲ್ಲಿ ಗುರುತು ಮಾಡಿಕೊಳ್ಳಿ.

ಸಂವಿಧಾನದ 21ಎ ವಿಧಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದನ್ನು ಜಾರಿಗೆ ತರುವ ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಇದರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 21ನೇ ಸೆಕ್ಷನ್ ಶಾಲಾ ಆಡಳಿತ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರಿರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎನ್ನುತ್ತದೆ. ಕರ್ನಾಟಕದಲ್ಲಿ ಡಾ. ರಾಜಾ ರಾಮಣ್ಣ ಅವರ ನೇತೃತ್ವದ ಕಾರ್ಯಪಡೆಯ ಸಲಹೆಯ ನಂತರ 2001ರಲ್ಲಿಯೇ ಎಸ್‌ಡಿಎಂಸಿಗಳು ಬಂದಿದ್ದವು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 1995ರ ಕಾಯ್ದೆಯಲ್ಲಿದ್ದ 7 ಬಗೆಯ ಅಂಗವಿಕಲತೆಗಳನ್ನು 21ಕ್ಕೆ ಏರಿಸಿತು. ಕಲಿಕಾ ನ್ಯೂನತೆಯೂ ಈಗ ಅದರಲ್ಲಿ ಸೇರಿದೆ.

ಶಿಕ್ಷಕರ ತರಬೇತಿಯಲ್ಲೂ ಬದಲಾವಣೆ ಆಯಿತು. ಎನ್‌ಸಿಟಿಇಯ 2014ರ ನಿಯಮಗಳು ಒಂದು ವರ್ಷದ ಬಿ.ಇಡಿ.ಯನ್ನು ಎರಡು ವರ್ಷಕ್ಕೆ ವಿಸ್ತರಿಸಿದವು. ಸಮನ್ವಯ ಶಾಲೆ, ಲಿಂಗತ್ವ ಮತ್ತು ಸಮಾಜ ಎಂಬ ವಿಷಯಗಳು ಪಠ್ಯದಲ್ಲಿ ಬಂದವು. 2023ರಿಂದ ನಮ್ಮ ರಾಜ್ಯದ ಶಾಲಾ ಕಾಲೇಜುಗಳಲ್ಲಿ ಸಂವಿಧಾನದ ಪೀಠಿಕೆ ಓದುತ್ತಿದ್ದೇವೆ.

ಹಾಗಾದರೆ ಇನ್ನೇನು ಉಳಿಯಿತು? ಕಾನೂನು ಬಾಗಿಲು ತೆರೆಯಬಲ್ಲದು. ಒಳಗೆ ಬಂದ ಮಗುವಿನ ಹೆಸರು ಹಿಡಿದು ಕರೆಯುವುದು, ಅದರ ಪ್ರಶ್ನೆಗೆ ನಗದಿರುವುದು ಕಾನೂನಿನ ಕೈಯಲ್ಲಿಲ್ಲ. ಬೆಳಿಗ್ಗೆ ಪೀಠಿಕೆಯಲ್ಲಿ ‘ಭ್ರಾತೃತ್ವ’ ಎಂಬ ಪದ ಓದಿಸಿ, ಹತ್ತು ನಿಮಿಷದ ನಂತರ ತರಗತಿಯಲ್ಲಿ ಒಬ್ಬ ಹುಡುಗನನ್ನು ‘ಏಯ್ ಲೈನ್ ಮನೆಯವನೇ’ ಎಂದು ಕರೆದರೆ ಮಕ್ಕಳು ಯಾವುದನ್ನು ಕಲಿಯುತ್ತಾರೆ? ಎರಡನೆಯದನ್ನು.

ನಲಿ-ಕಲಿ ಕಲಿಸುವ ಪಾಠ

ತರಬೇತಿ ಹೇಗಿದ್ದರೆ ಫಲ ಕೊಡುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ನಿಮ್ಮಲ್ಲಿ ಬಹಳ ಮಂದಿ ಒಂದನೇ ತರಗತಿಯಲ್ಲಿ ಅದರಲ್ಲೇ ಓದಿದವರು: ನಲಿ-ಕಲಿ.

1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಶಿಕ್ಷಕರು ಯುನಿಸೆಫ್ ನೆರವಿನಿಂದ ಆಂಧ್ರದ ರಿಷಿ ವ್ಯಾಲಿಗೆ ಹೋದರು. ಅಲ್ಲಿ ಹಳ್ಳಿ ಮಕ್ಕಳು ಕಾರ್ಡುಗಳನ್ನು ಹಿಡಿದು, ತಮ್ಮ ತಮ್ಮ ವೇಗದಲ್ಲಿ, ಗುಂಪುಗಳಲ್ಲಿ ಕಲಿಯುವುದನ್ನು ನೋಡಿದರು. ಊರಿಗೆ ಬಂದು ತಮ್ಮ ಮಕ್ಕಳಿಗೆ ಹೊಂದುವ ಕಾರ್ಡು, ಹಾಡು, ಆಟಗಳನ್ನು ತಾವೇ ಕೂತು ಮಾಡಿದರು. ಮೇಲಿನಿಂದ ಬಂದ ಪಠ್ಯವನ್ನು ಒಪ್ಪಿಸುವವರಾಗಿದ್ದವರು ಪಠ್ಯ ಕಟ್ಟುವವರಾದರು. ಆ ತರಗತಿಯಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು, ಶಿಕ್ಷಕರೂ ಅವರ ಜೊತೆ ನೆಲದ ಮೇಲೆ ಕೂತರು. ಒಂದು ವಾರ ಗೈರಾದ ಮಗು ತಾನು ಬಿಟ್ಟ ಮೈಲಿಗಲ್ಲಿನಿಂದಲೇ ಕಲಿಕಾ ಏಣಿಯನ್ನು ಮತ್ತೆ ಹತ್ತಬಹುದು. ‘ಹಿಂದುಳಿದವನು’ ಎಂಬ ಹಣೆಪಟ್ಟಿ ಬೇಕಾಗಲಿಲ್ಲ. ಕಾಲುಸಂಕದಾಚೆಯ ಹುಡುಗಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವುದು?

2009-10ರಲ್ಲಿ ಸರ್ಕಾರ ಈ ಪದ್ಧತಿಯನ್ನು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಕಾರ್ಡುಗಳು ಎಲ್ಲೆಡೆ ತಲುಪಿದವು. ಆದರೆ ಕಾರ್ಡು ಮಾಡಿದ ಅನುಭವವನ್ನು ಪೆಟ್ಟಿಗೆಯಲ್ಲಿಟ್ಟು ಕಳಿಸಲು ಆಗುವುದಿಲ್ಲ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರಿಂದ ಜಿಲ್ಲೆಯ ಡಯಟ್‌ನಲ್ಲಿ ಇನ್ನಷ್ಟು ಜನರಿಗೆ, ಅವರಿಂದ ತಾಲ್ಲೂಕಿನ ಬಿಆರ್‌ಸಿಯಲ್ಲಿ ಎಲ್ಲರಿಗೆ. ಹೀಗೆ ಮೆಟ್ಟಿಲಿಳಿಯುವ ತರಬೇತಿಯಲ್ಲಿ ಮಾಹಿತಿ ಕೆಳಗೆ ಬರುತ್ತದೆ, ಮನೋಭಾವ ದಾರಿಯಲ್ಲೇ ಸೋರಿಹೋಗುತ್ತದೆ. ‘ಮಕ್ಕಳಿಗೆ ಮಾತಾಡಲು ಬಿಡಿ’ ಎಂಬ ವಿಷಯದ ಮೇಲೆ ಇಡೀ ದಿನ ಒಬ್ಬರೇ ಮಾತಾಡಿ, ಶಿಕ್ಷಕರು ಸುಮ್ಮನೆ ಕೇಳಿ, ಸಂಜೆ ಸಹಿ ಹಾಕಿ ಬಸ್ಸು ಹತ್ತಿದರೆ ಅವರು ಕಲಿತದ್ದೇನು? ದೊಡ್ಡವರು ಮಾತಾಡುತ್ತಾರೆ, ಚಿಕ್ಕವರು ಕೇಳುತ್ತಾರೆ ಎಂಬುದನ್ನೇ. ಮರುದಿನ ತರಗತಿಯಲ್ಲಿ ಅದನ್ನೇ ಮಾಡುತ್ತಾರೆ.

ಶಾಲಾ ಸಂಸತ್ತಿನಲ್ಲೂ ಇದೇ ಅಪಾಯವಿದೆ. ಹಲವು ಶಾಲೆಗಳಲ್ಲಿ ಮತದಾನ ನಡೆಯುತ್ತದೆ, ಬೆರಳಿಗೆ ಶಾಯಿಯೂ ಬೀಳುತ್ತದೆ. ಆಮೇಲೆ ಶಿಸ್ತಿನ ಮಂತ್ರಿಯ ಕೆಲಸ ಏನು? ಗಲಾಟೆ ಮಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು! ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆ ಬಹಳ ಒಳ್ಳೆಯ ಅವಕಾಶ. ಶೌಚಾಲಯ, ಕಾಂಪೌಂಡು, ಬಸ್ಸು, ಕಾಲುಸಂಕ ಎಲ್ಲವನ್ನೂ ಮಕ್ಕಳು ಅಲ್ಲಿ ಕೇಳಬಹುದು. ಆದರೆ ಪ್ರಶ್ನೆಗಳನ್ನು ಟೀಚರೇ ಚೀಟಿಯಲ್ಲಿ ಬರೆದುಕೊಟ್ಟರೆ ಅದು ಮಕ್ಕಳ ಸಭೆಯಾಗದೆ ಮಕ್ಕಳ ನಾಟಕವಾಗುತ್ತದೆ. ಚೀಟಿ ಕೊಡದೆ ಕಾಯುವ ಧೈರ್ಯ ಶಿಕ್ಷಕರಿಗೆ ಬರಬೇಕಾದರೆ, ಅವರ ಮಾತಿಗೆ ಯಾರಾದರೂ ಹಾಗೆ ಕಾದಿರಬೇಕು.

ಗೇಟಿನ ಮುಂದೆ ನಿಂತ ಶಿಕ್ಷಕರು

ಈಗ ಹೇಳಲು ಕಷ್ಟವಾದ ಒಂದು ವಿಷಯಕ್ಕೆ ಬರುತ್ತೇನೆ. ಬಿಟ್ಟು ಮುಂದೆ ಹೋದರೆ ಈ ಪಾಠ ಅಪೂರ್ಣ.

2022ರ ಜನವರಿಯ ಮೊದಲ ವಾರದಲ್ಲಿ ಕೊಪ್ಪ ತಾಲ್ಲೂಕಿನ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಸಹಪಾಠಿಗಳ ಶಿರವಸ್ತ್ರಕ್ಕೆ ಆಕ್ಷೇಪ ಸೂಚಿಸಿ ಕೆಲವು ವಿದ್ಯಾರ್ಥಿಗಳು ಕೇಸರಿ ಶಾಲು ಹಾಕಿಕೊಂಡು ಬಂದರು. ಪೋಷಕರ ಸಭೆ ಕರೆಯಲಾಯಿತು. ಅದೇ ದಿನಗಳಲ್ಲಿ ಉಡುಪಿಯಲ್ಲಿ ನಡೆಯುತ್ತಿದ್ದ ವಿವಾದ ರಾಜ್ಯಕ್ಕೆಲ್ಲ ಹರಡಿತು. ಫೆಬ್ರವರಿ 5ರಂದು ಸರ್ಕಾರದ ಆದೇಶ ಬಂತು, ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕಾನೂನಿನ ಸರಿತಪ್ಪನ್ನು ಚರ್ಚಿಸುವುದು ಈ ಪಾಠದ ಉದ್ದೇಶವಲ್ಲ. ನಾನು ನೋಡುವುದು ಆ ದಿನಗಳ ಶಿಕ್ಷಕರನ್ನು.

ಗೇಟಿನ ಈಚೆ ತಮ್ಮ ವಿದ್ಯಾರ್ಥಿಗಳು, ಆಚೆಯೂ ತಮ್ಮ ವಿದ್ಯಾರ್ಥಿಗಳು. ನಿನ್ನೆಯವರೆಗೆ ಒಂದೇ ನೋಟ್ಸು ಹಂಚಿಕೊಂಡವರು ಇಂದು ಎರಡು ಗುಂಪು. ನಡುವೆ ನಿಂತ ಉಪನ್ಯಾಸಕರ ಕೈಯಲ್ಲಿ ಇದ್ದದ್ದು ಹಾಜರಿ ಪುಸ್ತಕ ಮತ್ತು ಸುತ್ತೋಲೆ. ಎರಡು ಗುಂಪುಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿ, ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳುವಂತೆ ಮಾಡುವುದು ಹೇಗೆ ಎಂದು ಅವರಿಗೆ ಯಾವ ತರಬೇತಿಯೂ ಕಲಿಸಿರಲಿಲ್ಲ. ಬೆಂಕಿ ಬಿದ್ದ ದಿನ ಬಾವಿ ತೋಡಲಾಗದು. ಮಾತಾಡುವ ಅಭ್ಯಾಸ ಒಂದನೇ ತರಗತಿಯಿಂದಲೇ ಇರಬೇಕು, ಶಿಕ್ಷಕರಿಗೆ ಅದಕ್ಕೂ ಮೊದಲು ಇರಬೇಕು.

ಇದರ ನಂತರ ನಮ್ಮಲ್ಲೇ ಒಬ್ಬಳು ವಿದ್ಯಾರ್ಥಿನಿ ಸ್ಟಾಫ್ ರೂಮಿಗೆ ಬಂದು ಕೇಳಿದಳು: “ನಾನು ಟೀಚರ್ ಆಗಿ ಯಾವುದೋ ಹಳ್ಳಿ ಶಾಲೆಗೆ ಹೋದರೆ ಅಲ್ಲಿಯವರು ನನ್ನನ್ನು ಒಪ್ತಾರಾ ಮೇಡಂ?” ಅವಳು ಓದಿನಲ್ಲಿ ಚುರುಕು, ಮಕ್ಕಳೆಂದರೆ ಪ್ರಾಣ. ಒಂದು ಒಳ್ಳೆಯ ಶಿಕ್ಷಕಿಯನ್ನು ಮಲೆನಾಡು ಪಡೆಯುತ್ತದೋ ಇಲ್ಲವೋ ಎಂಬುದು ಆ ಒಂದು ಪ್ರಶ್ನೆಯಲ್ಲಿತ್ತು. “ಎಲ್ಲರೂ ಮೊದಲ ದಿನವೇ ಒಪ್ತಾರೆ ಅಂತ ನಾನು ಮಾತು ಕೊಡಲ್ಲ. ಆದರೆ ಮಕ್ಕಳು ಬೇಗ ಒಪ್ತಾರೆ, ಅವರ ಹಿಂದೆ ತಾಯಂದಿರು ಬರ್ತಾರೆ” ಎಂದೆ. ಇದು ಸಮಾಧಾನದ ಮಾತಲ್ಲ, ನಾನು ಈ ಕಾಲೇಜಿನಲ್ಲೇ ಕಂಡದ್ದು. ಅದಕ್ಕೆ ಈಗ ಬರುತ್ತೇನೆ.

ಇಲ್ಲಿ ಅಲ್ಪಸಂಖ್ಯಾತರು ಯಾರು?

ಈ ಸಂಸ್ಥೆಯಲ್ಲಿ ಪಾಠ ಮಾಡುವ ಮುಸ್ಲಿಮೇತರ ಉಪನ್ಯಾಸಕರಲ್ಲಿ ನಾನೂ ಒಬ್ಬಳು. ಹೊರಗೆ ಬಹುಸಂಖ್ಯಾತಳು, ಗೇಟು ದಾಟಿ ಒಳಗೆ ಬಂದರೆ ಅಲ್ಪಸಂಖ್ಯಾತಳು. ನಿಮ್ಮಲ್ಲಿ ಹೆಚ್ಚಿನವರದು ಇದಕ್ಕೆ ಸರಿಯಾಗಿ ತಿರುಗಿಸಿದ ಅನುಭವ. ಶಿಕ್ಷಕರಾಗುವವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಕೇಂದ್ರ ಬೇರೆಲ್ಲಿ ಸಿಗುತ್ತದೆ? ಎರಡೂ ಕಡೆಯ ನೋಟ ಒಂದೇ ಕಟ್ಟಡದಲ್ಲಿ ಸಿಗುತ್ತದೆ.

ನಾನು ಬಂದ ಮೊದಲ ತಿಂಗಳು ತರಗತಿಯಲ್ಲಿ ಅಳೆದೂ ಸುರಿದೂ ಮಾತಾಡುತ್ತಿದ್ದೆ. ಪೋಷಕರ ಸಭೆಯ ದಿನ ಒಬ್ಬ ತಾಯಿ ಬಂದು, “ನಮ್ಮ ಮಗಳು ಮನೆಯಲ್ಲಿ ನಿಮ್ಮದೇ ಮಾತು ಮೇಡಂ” ಎಂದು ಕೈ ಹಿಡಿದರು. ಮೇಲೆ ಹೇಳಿದ ಮಾತನ್ನು ನಾನು ಕಲಿತದ್ದು ಅಲ್ಲಿ.

ಶುಕ್ರವಾರದ ವಿರಾಮ ನಿಮಗೆ ಗೊತ್ತು. ಹುಡುಗರು ಜುಮಾ ನಮಾಜಿಗೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಉಳಿದ ವಿದ್ಯಾರ್ಥಿಗಳು ವರಾಂಡದಲ್ಲಿ ಸುಮ್ಮನೆ ನಿಂತಿರುತ್ತಿದ್ದರು. ಯಾರೂ ಅವರನ್ನು ಹೊರಗೆ ಹಾಕಿರಲಿಲ್ಲ, ಆದರೆ ವೇಳಾಪಟ್ಟಿ ಬರೆದವರಿಗೆ ಅವರು ನೆನಪಾಗಿರಲಿಲ್ಲ. ಹೊರಗಿಡುವುದು ಹೆಚ್ಚಾಗಿ ನಡೆಯುವುದು ದ್ವೇಷದಿಂದಲ್ಲ, ಮರೆವಿನಿಂದ. ತರಗತಿಯಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಗ್ರಂಥಾಲಯ ತೆರೆಸಬೇಕೆಂದು ಪತ್ರ ಬರೆದು, ಅದಕ್ಕೆ ಸಹಿ ಸಂಗ್ರಹಿಸಿದವರು ನಮಾಜಿಗೆ ಹೋಗುವ ಹುಡುಗರೇ. ಆಡಳಿತ ಮಂಡಳಿ ಒಪ್ಪಿತು. ಈಗ ಅದು ಗ್ರಂಥಾಲಯದ ಅವಧಿ. ಇಡೀ ವರ್ಷದ ಪೌರನೀತಿ ಪಾಠಕ್ಕಿಂತ ಆ ಒಂದು ಪತ್ರ ದೊಡ್ಡದು ಎಂದು ನಾನು ನಂಬುತ್ತೇನೆ.

ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಸಂಸ್ಥೆ ಕಟ್ಟುವ, ನಡೆಸುವ ಹಕ್ಕು ಕೊಟ್ಟಿದೆ. ಶಿಕ್ಷಣ ಹಕ್ಕು ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು 2014ರಲ್ಲಿ ಪ್ರಮತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಇಂಥ ಸಂಸ್ಥೆಗಳಲ್ಲಿ ಎಲ್ಲರನ್ನೂ ಒಳಗೊಳ್ಳುವುದು ಆ ಕಾಯ್ದೆಯ ಒತ್ತಾಯದಿಂದ ಆಗಬೇಕಾಗಿಲ್ಲ, ಒಳಗಿನ ನಂಬಿಕೆಯಿಂದ ಆಗಬೇಕು. ಆ ನಂಬಿಕೆಗೆ ಆಧಾರ ಎಲ್ಲಿದೆ ಎಂದು ನಮ್ಮ ಅರಬಿಕ್ ಉಪನ್ಯಾಸಕರನ್ನು ಕೇಳಿದಾಗ ಅವರು ಕುರ್‌ಆನಿನ 80ನೇ ಅಧ್ಯಾಯ ‘ಅಬಸ’ದ ಹಿನ್ನೆಲೆ ಹೇಳಿದರು. ಪ್ರವಾದಿ ಮುಹಮ್ಮದ್(ಸ) ಅವರು ಕುರೈಷರ ಪ್ರಮುಖರೊಂದಿಗೆ ಮಾತಾಡುತ್ತಿದ್ದಾಗ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ ಎಂಬ ಅಂಧ ಅನುಯಾಯಿ ಕಲಿಯುವ ಆಸೆಯಿಂದ ಬಂದರು. ಮುಖ್ಯಸ್ಥರ ಕಡೆಗಿದ್ದ ಗಮನದಲ್ಲಿ ಅವರಿಗೆ ಮುಖ ತಿರುಗಿತು. ಹಾಗಾಗಬಾರದಿತ್ತೆಂದು ಪ್ರವಾದಿಯವರಿಗೇ ದಿವ್ಯವಾಣಿ ಬಂತು. ಮುಂದೆ ಅದೇ ಇಬ್ನ್ ಉಮ್ಮಿ ಮಕ್ತೂಮ್ ಮದೀನಾದಲ್ಲಿ ಬಿಲಾಲರಂತೆ ಅದಾನ್ ಕೊಡುವವರಾದರು. ಪ್ರವಾದಿಯವರು ಪ್ರಯಾಣ ಹೊರಟಾಗ ಮದೀನಾದ ಹೊಣೆಯನ್ನು ಅವರಿಗೆ ವಹಿಸಿದ್ದೂ ಉಂಟು ಎಂದರು.

ಶಿಕ್ಷಕರಾಗುವವರು ಇದನ್ನು ತರಗತಿಯ ಕಣ್ಣಿನಿಂದ ನೋಡಿ. ಮೊದಲ ಬೆಂಚಿನ ರ‍್ಯಾಂಕ್ ವಿದ್ಯಾರ್ಥಿಗಳ ಕಡೆ ನಮ್ಮ ಮುಖ ತಾನಾಗಿ ತಿರುಗುತ್ತದೆ. ಕಲಿಯುವ ಆಸೆಯಿಂದ ಎದ್ದು ಬಂದವನು ಹಿಂದಿನ ಬೆಂಚಿನಲ್ಲಿ ಇರಬಹುದು. ಅವನಿಗೆ ಮುಖ ಕೊಟ್ಟರೆ ಸಾಲದು, ಮುಂದೆ ಹೊಣೆಯನ್ನೂ ಕೊಡಬೇಕು. ಒಳಗೊಳ್ಳುವುದು ಅಲ್ಲಿ ಪೂರ್ತಿಯಾಗುತ್ತದೆ.

ಬಿಸಿ ವಿಷಯವನ್ನು ಕಲಿಸುವುದು ಹೇಗೆ?

ಪ್ರಜಾಪ್ರಭುತ್ವದ ತರಗತಿ ಎಂದರೆ ವಿವಾದವೇ ಇಲ್ಲದ ತರಗತಿ ಅಲ್ಲ. ವಿವಾದವನ್ನು ಕೈಯಲ್ಲಿ ಹಿಡಿಯುವ ಕ್ರಮ ಗೊತ್ತಿರುವ ತರಗತಿ. ಅದಕ್ಕೆ ನಮ್ಮ ಶೃಂಗೇರಿಯಲ್ಲೇ ಸಾಮಗ್ರಿ ಇದೆ. 1791ರಲ್ಲಿ ಪರಶುರಾಮ ಭಾವೂ ಅವರ ಮರಾಠಾ ಸೇನೆಗೆ ಸೇರಿದ ಪಡೆ ಶೃಂಗೇರಿ ಮಠವನ್ನು ಕೊಳ್ಳೆ ಹೊಡೆಯಿತು. ಆಗ ಟಿಪ್ಪು ಸುಲ್ತಾನ್ ಮಠಕ್ಕೆ ಪತ್ರ ಬರೆದು, ಶಾರದೆಯ ಪುನಃಪ್ರತಿಷ್ಠೆಗೆ ನೆರವು ಕೊಟ್ಟ. ಈ ಕನ್ನಡ ಪತ್ರಗಳ ಕಟ್ಟು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿತ್ತು.

ಟಿಪ್ಪುವಿನ ಬಗ್ಗೆ ಜನರಲ್ಲಿ ಭಿನ್ನ ಅಭಿಪ್ರಾಯಗಳಿವೆ. ತರಬೇತಿ ಇಲ್ಲದ ಶಿಕ್ಷಕರು ಎರಡರಲ್ಲಿ ಒಂದು ಮಾಡುತ್ತಾರೆ: ಪಾಠವನ್ನು ಹಾರಿಸುತ್ತಾರೆ, ಇಲ್ಲವೇ ತಮ್ಮ ಅಭಿಪ್ರಾಯವನ್ನೇ ಬರೆಸುತ್ತಾರೆ. ತರಬೇತಿ ಪಡೆದವರು ಮಕ್ಕಳ ಮುಂದೆ ಪ್ರಶ್ನೆಗಳನ್ನು ಇಡುತ್ತಾರೆ. ಪತ್ರವನ್ನು ಬರೆದವರು ಯಾರು? ಯಾರಿಗೆ? ಯಾವ ಸಂದರ್ಭದಲ್ಲಿ? ಯುದ್ಧಕಾಲದ ಅರಸನಿಗೆ ಇದರಿಂದ ಏನು ಲಾಭವಿತ್ತು? ಭಕ್ತಿ, ಗೌರವ, ರಾಜಕೀಯ ಮೂರೂ ಒಟ್ಟಿಗೆ ಇರಬಹುದೇ? ಬೇರೆ ಕಡೆ ಬೇರೆ ರೀತಿಯ ದಾಖಲೆಗಳಿದ್ದರೆ ಎರಡನ್ನೂ ಹೇಗೆ ತೂಗಬೇಕು?

ಇಲ್ಲಿ ಒಂದು ಎಚ್ಚರಿಕೆ. ತರಗತಿಯ ಮುಸ್ಲಿಂ ಹುಡುಗನನ್ನು ಎಬ್ಬಿಸಿ ಟಿಪ್ಪುವಿನ ಪರ ಉತ್ತರ ಕೇಳಬಾರದು, ಮರಾಠಿ ಮನೆಮಾತಿನ ಹುಡುಗಿಯಿಂದ ಆ ಸೇನೆಯ ಲೆಕ್ಕ ಕೇಳಬಾರದು. ಹದಿನೈದು ವರ್ಷದ ಮಗು ಇನ್ನೂರು ವರ್ಷದ ಹಿಂದಿನವರ ವಕೀಲನಲ್ಲ.

ಇಂದಿನಿಂದಲೇ ಐದು ಅಭ್ಯಾಸಗಳು

ತರಬೇತಿ ಕಾಲೇಜು ಸೇರುವವರೆಗೆ ಕಾಯಬೇಕಾಗಿಲ್ಲ. ಟ್ಯೂಷನ್ ಹೇಳುವವರು, ಮದ್ರಸದಲ್ಲಿ ಚಿಕ್ಕವರಿಗೆ ಓದಿಸುವವರು, ಮನೆಯಲ್ಲಿ ತಮ್ಮ ತಂಗಿಯರಿಗೆ ಪಾಠ ಮಾಡುವವರು ಈಗಲೇ ಶುರು ಮಾಡಬಹುದು.

1. ಹೆಸರು: ಪ್ರತಿ ಮಗುವಿನ ಹೆಸರನ್ನು ಅದರ ಮನೆಯವರು ಹೇಳುವ ಹಾಗೆ ಹೇಳಲು ಕಲಿಯಿರಿ. ‘ಕುಳ್ಳ’, ‘ಸಾಬರ ಹುಡುಗ’, ‘ಅಸ್ಸಾಮಿ’ ಎಂದು ಕರೆಯಬೇಡಿ, ಬೇರೆ ಮಕ್ಕಳು ಕರೆಯಲೂ ಬಿಡಬೇಡಿ.

2. ಜಾಗ: ಕೂರುವ ಜಾಗ ವಾರಕ್ಕೊಮ್ಮೆ ಬದಲಾಗಲಿ. ಕಣ್ಣು, ಕಿವಿ ಮಂದವಿರುವವರಿಗೆ ಮಾತ್ರ ಮುಂದಿನ ಜಾಗ ಕಾಯಂ.

3. ಕೆಲಸ: ಕಸ ಗುಡಿಸುವವರು ಯಾರು, ಗಂಟೆ ಹೊಡೆಯುವವರು ಯಾರು ಎಂದು ಪಟ್ಟಿ ಮಾಡಿ ನೋಡಿ. ಪೊರಕೆ ಸದಾ ಹುಡುಗಿಯರ ಕೈಯಲ್ಲಿ, ಗಂಟೆ ಸದಾ ಹುಡುಗರ ಕೈಯಲ್ಲಿ ಇದ್ದರೆ ಪಟ್ಟಿ ತಿರುಗಿಸಿ.

4. ನಿಯಮ: ತರಗತಿಯ ನಿಯಮಗಳನ್ನು ಮಕ್ಕಳೊಂದಿಗೆ ಕೂತು ಮಾಡಿ. ತಡವಾಗಿ ಬರಬಾರದು ಎಂಬ ನಿಯಮ ಶಿಕ್ಷಕರಿಗೂ ಅನ್ವಯಿಸಲಿ.

5. ಮೌನ: ದಿನದ ಕೊನೆಗೆ ‘ಇಂದು ಯಾರು ಮಾತಾಡಲಿಲ್ಲ?’ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಮರುದಿನದ ಮೊದಲ ಪ್ರಶ್ನೆ ಅವರಿಗಿರಲಿ, ಉತ್ತರಕ್ಕೆ ಕಾಯುವ ತಾಳ್ಮೆ ನಿಮಗಿರಲಿ. ಬ್ಯಾರಿಯಲ್ಲೋ ತುಳುವಿನಲ್ಲೋ ಉತ್ತರ ಬಂದರೆ ಅದನ್ನು ಮೊದಲು ಒಪ್ಪಿಕೊಂಡು ಆಮೇಲೆ ಕನ್ನಡದ ಪದ ಕೊಡಿ.

ಇವುಗಳಲ್ಲಿ ಯಾವುದಕ್ಕೂ ಹಣ ಬೇಕಾಗಿಲ್ಲ, ಆದೇಶವೂ ಬೇಕಾಗಿಲ್ಲ. ಆದರೆ ಒಂದೊಂದೂ ನಮ್ಮ ಅಧಿಕಾರದ ಒಂದು ಚೂರನ್ನು ಮಕ್ಕಳಿಗೆ ಬಿಟ್ಟುಕೊಡಲು ಕೇಳುತ್ತದೆ. ಶಿಕ್ಷಕರಿಗೆ ಕಷ್ಟವಾಗುವುದು ಅದೇ. ಒಮ್ಮೆ ಯಾರಾದರೂ ನಮಗೆ ಹಾಗೆ ಬಿಟ್ಟುಕೊಟ್ಟಿದ್ದರೆ ಮಾತ್ರ ಅದು ಸುಲಭ. ಆದ್ದರಿಂದ ಮುಂದಿನ ತಿಂಗಳ ಶಿಕ್ಷಣಶಾಸ್ತ್ರದ ಒಂದು ಘಟಕವನ್ನು ಯಾವ ಕ್ರಮದಲ್ಲಿ ಕಲಿಯಬೇಕು, ಹೇಗೆ ಪರೀಕ್ಷಿಸಬೇಕು ಎಂಬುದನ್ನು ನೀವೇ ಚರ್ಚಿಸಿ ನಿರ್ಧರಿಸಿ. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತೇನೆ.

ಗುಂಪು ಚಟುವಟಿಕೆಗೆ

ಅ) ನಿಮ್ಮ ಹಳೆಯ ಪ್ರಾಥಮಿಕ ಶಾಲೆಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಮಕ್ಕಳ ಮನೆಮಾತುಗಳನ್ನೂ, ಶಾಲೆಗೆ ಬರುವ ದಾರಿಯ ಅಡ್ಡಿಗಳನ್ನೂ ಪಟ್ಟಿ ಮಾಡಿ.

ಆ) ನಿಮ್ಮ ಊರಿನ ಎಸ್‌ಡಿಎಂಸಿಯ ಸದಸ್ಯೆಯೊಬ್ಬರನ್ನು ಮಾತಾಡಿಸಿ. ಕಳೆದ ಸಭೆಯಲ್ಲಿ ಅವರು ಹೇಳಿದ್ದೇನು, ಅದು ನಡಾವಳಿಯಲ್ಲಿ ದಾಖಲಾಯಿತೇ ಎಂದು ಕೇಳಿ.

ಇ) ನಮ್ಮ ಕಾಲೇಜಿನ ವೇಳಾಪಟ್ಟಿ, ಸಮವಸ್ತ್ರ, ವಾರ್ಷಿಕೋತ್ಸವ, ಕ್ಯಾಂಟೀನ್ ಇವುಗಳಲ್ಲಿ ಯಾರನ್ನಾದರೂ ಮರೆತಿದ್ದೇವೆಯೇ? ಹೆಸರಿಲ್ಲದ ಚೀಟಿಯಲ್ಲಿ ಬರೆದು ಗ್ರಂಥಾಲಯದ ಪೆಟ್ಟಿಗೆಗೆ ಹಾಕಿ. ಬಂದ ಚೀಟಿಗಳನ್ನು ತರಗತಿಯಲ್ಲಿ ಎಲ್ಲರ ಮುಂದೆ ಓದೋಣ.